ನರದ ದಾರ

ಬಂದರಿನ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಕುದಿಸುವ ಬಾಯ್ಲರಿನ ಪಕ್ಕಕ್ಕೆ, ಹೊಲಿಗೆಯಮ್ಮನ ಕೋಣೆ. ಇಪ್ಪತ್ತಾರು ವರ್ಷದಿಂದ ಅವಳು ಅಲ್ಲಿ ಹರಿದ ಹಾಸಿಗೆಬಟ್ಟೆಗೆ ತೇಪೆ ಹಾಕುತ್ತ, ರೋಗಿಗಳ ಅಂಗಿಗೆ ಕಿತ್ತುಹೋದ ಲಾಡಿ ಹೊಲಿಯುತ್ತ ಕೂತಿದ್ದಳು. ಪ್ರತಿ ಬಟ್ಟೆಯ ಮೂಲೆಗೂ ಕೆಂಪು ದಾರದಲ್ಲಿ ಗುರುತು ಹಾಕುವುದೂ ಅವಳದೇ ಕೆಲಸ. ಮೂಳೆ ವಾರ್ಡಿಗೆ ಎರಡು ಅಡ್ಡಗೆರೆ, ಹೆರಿಗೆ ವಾರ್ಡಿಗೆ ಒಂದು ಸೊನ್ನೆ, ಹೀಗೆ. ಗುರುತಿಲ್ಲದಿದ್ದರೆ ಒಂದು ವಾರ್ಡಿನ ಸಿಸ್ಟರ್ ಇನ್ನೊಂದು ವಾರ್ಡಿನ ಚಾದರ ಹೊಡೆದುಕೊಂಡು ಹೋಗಿ, ಮೂರು ದಿನ ಆಸ್ಪತ್ರೆಯಲ್ಲಿ ರೋಗಿಗಳ ನರಳಾಟಕ್ಕಿಂತ ಅವರಿಬ್ಬರ ಕೂಗಾಟವೇ ಜೋರಾಗಿರುತ್ತಿತ್ತು.

ಕೋಣೆಗೆ ಒಂದೇ ಕಿಟಕಿ. ಅದೂ ಎತ್ತರದಲ್ಲಿ, ಹೊರಗಿನ ರಸ್ತೆಯ ಮಟ್ಟಕ್ಕೆ. ಅಲ್ಲಿಂದ ಕಾಣುತ್ತಿದ್ದದ್ದು ಜನರ ಕಾಲು ಮಾತ್ರ. ಮೊಣಕಾಲಿನ ಮೇಲೆ ಈ ಊರಿನವರು ಹೇಗಿದ್ದಾರೆ ಅನ್ನುವುದು ಅವಳಿಗೆ ಸಂಜೆ ಐದರ ನಂತರವೇ ತಿಳಿಯಬೇಕು. ಆದರೆ ಚಪ್ಪಲಿ ನೋಡಿ ಮನುಷ್ಯನನ್ನು ಹೇಳಬಲ್ಲವಳಾಗಿದ್ದಳು. ಎಡಗಾಲಿನ ಅಟ್ಟೆ ಒಂದು ಕಡೆ ಮಾತ್ರ ಸವೆದಿದ್ದರೆ ಕಣ್ಣಿನ ಡಾಕ್ಟರು. ಲೇಸು ಕಟ್ಟದ ಬೂಟು ಕ್ಯಾಂಟೀನಿನವನು. ಓಡುವ ಕಾಲು ಯಾವಾಗಲೂ ಹೆರಿಗೆ ವಾರ್ಡಿನ ಗಂಡಂದಿರದು.

ಮನೆ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಅಮ್ಮ ಇದ್ದಾಗ ಅದು ಇಕ್ಕಟ್ಟು ಅನ್ನಿಸುತ್ತಿತ್ತು. ಅಮ್ಮ ಹೋಗಿ ಆರು ವರ್ಷ, ಈಗ ಅದೇ ಕೋಣೆ ಮೈದಾನ. ಮದುವೆಯ ಮಾತು ಬಾರದೇ ಇರಲಿಲ್ಲ. ತಂಗಿಯದು ಮೊದಲು ಆಗಲಿ ಅಂದರು, ಆಯಿತು. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಅಮ್ಮ ಕಣ್ಣು ಮುಚ್ಚುವ ಹೊತ್ತಿಗೆ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಊರಿನ ಆಚೆ ಬದಿಗಿದ್ದ ತಂಗಿಯ ಮನೆಗೆ ಹೋಗಿ ಊಟ ಮಾಡಿ, ಮಕ್ಕಳ ಸಮವಸ್ತ್ರದ ಅಂಚು ಬಿಚ್ಚಿ ಉದ್ದ ಮಾಡಿ ಬರುತ್ತಿದ್ದಳು. ಮಾತಾಡಬೇಕು ಅನ್ನಿಸಿದರೆ ಹೊಲಿಗೆ ಯಂತ್ರವಿತ್ತು. "ಇವತ್ತೇನು ನಿನಗೆ ಸೊಕ್ಕು?" ಅಂತ ಅದಕ್ಕೆ ಬೈದು ಎಣ್ಣೆ ಬಿಡುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮೂಳೆ ವಾರ್ಡಿನ ಆಳು ಮೂಗು ಮುಚ್ಚಿಕೊಂಡು ಒಂದು ಗೋಣಿಯಂಥ ಚೀಲ ತಂದು ಬಾಗಿಲಲ್ಲಿ ಎಸೆದ.

"ಸಿಸ್ಟರ್ ಕಳಿಸಿದಾರೆ. ಹಡಗಿನವನೊಬ್ಬ ಬಂದಿದಾನೆ, ಕಾಲು ಮುರ್ಕೊಂಡು. ಹಡಗು ಅವನನ್ನ ಇಳಿಸಿ ಹೊರಟೇಹೋಯ್ತು. ಇದು ಅವನ ಸಾಮಾನು. ಕುದಿಸೋದಾದ್ರೆ ಕುದಿಸಿ, ಇಲ್ಲಾಂದ್ರೆ ಸುಟ್ಟುಬಿಡಿ ಅಂದಿದಾರೆ."

ಚೀಲದಲ್ಲಿ ಎರಡು ಉಣ್ಣೆ ಅಂಗಿ, ಒಂದು ಕ್ಷೌರದ ಡಬ್ಬಿ, ಹಳೆಯ ಪೊಟ್ಟಣದ ಕಾಗದ ಒಂದು ಮಡಿಕೆ, ಅಡಿಯಲ್ಲಿ ಒಂದು ಜೊತೆ ಬೂಟು. ಇಪ್ಪತ್ತಾರು ವರ್ಷ ಈ ಕಿಟಕಿಯಲ್ಲಿ ಕಾಲು ನೋಡಿದವಳು ಅಂಥ ಬೂಟು ಕಂಡಿರಲಿಲ್ಲ. ಕೂದಲು ಸಮೇತ ಇದ್ದ ತೊಗಲು, ಬೂದು-ಬಿಳಿ. ತುದಿ ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿತ್ತು. ಕಣಕಾಲಿಗೆ ಸುತ್ತಲು ಕೆಂಪು, ಹಳದಿ, ನೀಲಿ ನೂಲಿನ ಪಟ್ಟಿ. ಬಲಗಾಲಿನ ಬೂಟು ಬದಿಯಲ್ಲಿ ಸೀಳಿಹೋಗಿತ್ತು. ಎಡಗಾಲಿನದರ ಒಳಗೆ ಒಣಹುಲ್ಲು ತುಂಬಿತ್ತು.

ಅವಳು ಬೂಟನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಿದಳು. ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಒಂದು ಬೆರಳುಗುರಿನ ಅಗಲಕ್ಕೆ ಹನ್ನೊಂದು ಹೊಲಿಗೆ. ಯಂತ್ರದ್ದಲ್ಲ, ಕೈಯದು. ದಾರ ಹತ್ತಿಯದಲ್ಲ, ರೇಷ್ಮೆಯದಲ್ಲ, ಉಗುರಿಗೆ ಸಿಗದಷ್ಟು ಬಿಗಿ.

"ಇದರೊಳಗಿನ ಹುಲ್ಲೆಲ್ಲಿ?" ಅಂತ ಬಲಗಾಲಿನ ಬೂಟು ತೋರಿಸಿ ಕೇಳಿದಳು.

"ಕಸದ ಬುಟ್ಟಿಗೆ ಹಾಕ್ದೆ. ಹುಲ್ಲು ಇಟ್ಕೊಳೋಕೆ ಇದೇನು ದನದ ಕೊಟ್ಟಿಗೆಯಾ?"

ಅವಳು ಬೂಟು ಎತ್ತಿಕೊಂಡು ಮೂರನೇ ಮಹಡಿ ಹತ್ತಿದಳು. ವಾರ್ಡಿಗೆ ತಲುಪುವ ಮೊದಲೇ ಕೂಗು ಕೇಳಿಸಿತು. ಕಿಟಕಿಯ ಪಕ್ಕದ ಮಂಚದಲ್ಲಿ, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಗಿಡ್ಡ ಮನುಷ್ಯನೊಬ್ಬ ಯಾರಿಗೂ ತಿಳಿಯದ ಭಾಷೆಯಲ್ಲಿ ಅರಚುತ್ತಿದ್ದ. ವಯಸ್ಸು ಅವಳದೇ ಇರಬಹುದು, ಐವತ್ತರ ಆಚೆಈಚೆ. ಅವಳ ಕೈಯಲ್ಲಿ ಬೂಟು ಕಂಡದ್ದೇ ಸುಮ್ಮನಾದ. ಅವಳು ಅದನ್ನು ಅವನ ಎದೆಯ ಮೇಲಿಟ್ಟು, ನೇರ ಹೋಗಿ ಕಸದ ಬುಟ್ಟಿ ಬೋರಲು ಹಾಕಿ, ಹತ್ತಿ ಪಟ್ಟಿಗಳ ನಡುವಿನಿಂದ ಹುಲ್ಲನ್ನು ಒಂದೊಂದೇ ಆರಿಸಿದಳು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು.

"ಹೊಲಿಗೆಯಮ್ಮಾ, ನಿಮಗೇನಾಯ್ತು?"

"ಯಾರೋ ಬಾಚಿ, ಬಡಿದು ಹದ ಮಾಡಿರೋ ಹುಲ್ಲು ಸಿಸ್ಟರ್, ಇದು. ನೋಡಿ, ಹತ್ತಿ ಹಾಗಿದೆ. ಕಸ ಅಲ್ಲ."

ಅವನಿಗೆ ಮಾತು ತಿಳಿಯದಿದ್ದರೂ ಕೈ ತಿಳಿಯಿತು.

ಹತ್ತೊಂಬತ್ತು ವರ್ಷ ಬಂದರಿನಿಂದ ಬಂದರಿಗೆ ಅಲೆದವನು, ಎಲ್ಲ ಊರಿನ ಹರಕುಮುರುಕು ಮಾತು ಅವನ ಬಾಯಲ್ಲಿತ್ತು. ಎರಡು ವಾರದಲ್ಲಿ ಇಲ್ಲಿಯದೂ ಒಂದಿಷ್ಟು ಸೇರಿತು. ಆದರೆ ಬಹುವಚನ ಅವನಿಗೆ ಒಲಿಯಲೇ ಇಲ್ಲ. ದೊಡ್ಡ ಡಾಕ್ಟರನ್ನು "ನೀನು ಬಾ, ಕಾಲು ನೋಡು" ಅನ್ನುತ್ತಿದ್ದ. ವಾರ್ಡಿಗೆ ನುಗ್ಗುವ ಬೆಕ್ಕಿಗೆ "ಬನ್ನಿ, ಕೂತುಕೊಳ್ಳಿ" ಅನ್ನುತ್ತಿದ್ದ. ಮಾತು ಅಡ್ಡ ಸಿಕ್ಕಿಕೊಂಡಾಗ ಬಂದರು ಕಚೇರಿಯ ಮುದಿ ಗುಮಾಸ್ತ ಬರುತ್ತಿದ್ದ. ಅವನು ಪ್ರಾಯದಲ್ಲಿ ಉತ್ತರದ ಬಂದರುಗಳಲ್ಲಿ ದುಡಿದವನು. ಈ ಹಡಗಿನವನ ದೇಶದ ಸರ್ಕಾರಿ ಭಾಷೆ ಬಲ್ಲವನು. ರೋಗಿಯ ಕಾಗದಪತ್ರ ನೋಡಿಕೊಳ್ಳಲು ಕಚೇರಿ ಅವನನ್ನೇ ಕಳಿಸಿತ್ತು.

ಹೊಲಿಗೆಯಮ್ಮ ಊಟದ ಬಿಡುವಿನಲ್ಲಿ ದಿನಾ ಮೇಲೆ ಹತ್ತಿದಳು. ಮೊದಲು ಬೂಟಿಗಾಗಿ, ಆಮೇಲೆ ಬೂಟಿನ ನೆಪಕ್ಕಾಗಿ. ಭೂಮಿಯ ನೆತ್ತಿಯ ಹತ್ತಿರ, ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯ ಏಳದ, ಬೇಸಿಗೆಯಲ್ಲಿ ಎರಡು ತಿಂಗಳು ಮುಳುಗದ ಒಂದು ಕಡೆ ಅವನ ಊರು. ಅವನ ಜನ ತಮ್ಮನ್ನು ಕರೆದುಕೊಳ್ಳುವುದು 'ಸಾಮಿ' ಅಂತ. ಹಿಮಸಾರಂಗದ ಹಿಂಡು ಅವರ ಬದುಕು. ಬೂಟು ಅದರ ಕಾಲಿನ ತೊಗಲಿನದು. ಕೂದಲು ಎತ್ತ ಮಲಗುತ್ತದೋ ನೋಡಿ ಹೊಲಿದರೆ ಮಂಜುಗಡ್ಡೆಯ ಮೇಲೆ ಜಾರುವುದಿಲ್ಲವಂತೆ. ಕಾಲುಚೀಲದ ಬದಲು ಹುಲ್ಲು. ಬೇಸಿಗೆಯ ಕೊನೆಗೆ ಕೊಯ್ದು, ಬಡಿದು, ಜಡೆ ಹೆಣೆದು ಇಡುತ್ತಾರೆ. ಹೇಗೆ ಮಡಚಿ ಒಳಗಿಡಬೇಕೆಂದು ಅವನು ಹಾಸಿಗೆಯ ಮೇಲೇ ತೋರಿಸಿದ, ತಾಯಿ ತೊಟ್ಟಿಲಲ್ಲಿ ಮಗುವಿಗೆ ಬಟ್ಟೆ ಹಾಸಿದಂತೆ.

ಅವಳು ಹಾಸಿಗೆಬಟ್ಟೆಯ ಮೂಲೆಯ ಕೆಂಪು ಗುರುತು ತೋರಿಸಿ ತನ್ನ ಕೆಲಸ ಏನೆಂದು ಹೇಳಿದ ದಿನ ಅವನು ಮೊದಲ ಸಲ ನಕ್ಕ. ಔಷಧದ ಚೀಟಿಯ ಹಿಂದೆ ಎರಡು ಕಿವಿ ಬರೆದ. ಒಂದರ ತುದಿಯಲ್ಲಿ ಕಚ್ಚು, ಇನ್ನೊಂದರ ಅಂಚಿನಲ್ಲಿ ಎರಡು ಸೀಳು.

"ಅಪ್ಪ," ಅಂದ. ಪಕ್ಕದಲ್ಲಿ ಇನ್ನೊಂದು ಜೊತೆ ಬರೆದ, ಬೇರೆ ಕಚ್ಚು. "ಅಕ್ಕ." ಇನ್ನೊಂದು. "ನಾನು. ಆಗ."

ಪ್ರತಿಯೊಬ್ಬರಿಗೂ ಬೇರೆ ಗುರುತು. ಬೇಸಿಗೆಯಲ್ಲಿ ಕರುಗಳ ಕಿವಿಗೆ ಚಾಕುವಿನಲ್ಲಿ ಹಾಕುತ್ತಾರೆ. ಸಾವಿರ ಪ್ರಾಣಿಯ ಹಿಂಡು ಓಡುತ್ತಿದ್ದರೂ ಅವನಕ್ಕ ಕಿವಿ ನೋಡಿ, ಇದು ಇಂಥವರದು ಅನ್ನುತ್ತಿದ್ದಳಂತೆ. "ಹಾಗಾದ್ರೆ ಅವಳಿಗೆ ನಮ್ಮ ಆಸ್ಪತ್ರೆಯಲ್ಲಿ ಕೆಲಸ ಕೊಡಬಹುದು," ಅಂದಳು ಹೊಲಿಗೆಯಮ್ಮ.

ಬೂಟಿನ ಸೀಳು ಹೊಲಿಯಲು ಅವಳು ಮೇಣ ಹಚ್ಚಿದ ಗಟ್ಟಿ ದಾರ ತಂದಾಗ ಮಾತ್ರ ಅವನು ಬೂಟು ಕೊಡಲಿಲ್ಲ. ತನ್ನ ಬೆನ್ನು ಮುಟ್ಟಿ ತೋರಿಸಿದ. ಗುಮಾಸ್ತ ಬಂದು ಬಿಡಿಸಿ ಹೇಳಿದ: ಪ್ರಾಣಿಯ ಬೆನ್ನಿನ ನರ ಒಣಗಿಸಿ ಸೀಳಿ ಮಾಡಿದ ದಾರವೇ ಆಗಬೇಕು. ನೀರು ತಾಗಿದರೆ ಅದು ಉಬ್ಬಿ ಸೂಜಿಯ ತೂತು ಮುಚ್ಚುತ್ತದೆ. ಹತ್ತಿಯದಾದರೆ ನೀರು ಒಳಗೆ, ನೀರು ಒಳಗೆ ಬಂದರೆ ಕಾಲು ಹೋಯಿತು.

"ಇಲ್ಲಿ ಯಾವ ಹಿಮ ಇದೆ ಅಂತ ಇವನಿಗೆ ನೀರಿನ ಭಯ?" ಅಂತ ಗುಮಾಸ್ತ ಗೊಣಗಿದ.

ಹೊಲಿಗೆಯಮ್ಮ ಗೊಣಗಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಬರುವಾಗ ಕಸಾಯಿ ಅಂಗಡಿಯ ಮುಂದೆ ನಿಂತಳು.

"ಬೆನ್ನಿನ ನರ ಬೇಕಿತ್ತು."

"ಯಾರದು?" ಅಂದ ಕಸಾಯಿಯವನು.

"ಕುರಿಯದು. ನಿನ್ನದು ನನಗ್ಯಾಕೆ?"

"ಸೂಪಿಗಾ?"

"ಬೂಟಿಗೆ."

ಅವನು ಕತ್ತಿ ಕೆಳಗಿಟ್ಟು ಅವಳನ್ನೇ ನೋಡಿದ. ಆಸ್ಪತ್ರೆಯಲ್ಲಿ ಬಹಳ ವರ್ಷ ಇದ್ದರೆ ಹೀಗಾಗುತ್ತದೆ ಅಂದುಕೊಂಡನೋ ಏನೋ, ಮರುಮಾತಿಲ್ಲದೆ ಕಟ್ಟಿಕೊಟ್ಟ.

ನರ ಬಾಯ್ಲರಿನ ಪಕ್ಕ ನಾಲ್ಕು ದಿನ ಒಣಗಿತು. ಅದನ್ನು ಬಡಿದು, ಕೂದಲೆಳೆಯ ಹಾಗೆ ಸೀಳಿ, ಬಾಯಲ್ಲಿ ಒದ್ದೆ ಮಾಡಿ, ಕೆನ್ನೆಯ ಮೇಲಿಟ್ಟು ಅಂಗೈಯಲ್ಲಿ ಹೊಸೆಯಬೇಕು. ಅವನಕ್ಕ ಹಾಗೆಯೇ ಮಾಡುತ್ತಿದ್ದಳಂತೆ. ಹೊಲಿಗೆಯಮ್ಮನ ಕೆನ್ನೆ ಕೆಂಪಾಯಿತು, ದಾರ ಗಂಟುಗಂಟಾಯಿತು. ವಾರ್ಡಿನವರೆಲ್ಲ ತಮಾಷೆ ನೋಡಿದರು. ಐದನೆಯ ದಿನಕ್ಕೆ ಒಂದು ಗೇಣು ದಾರ ಹದಕ್ಕೆ ಬಂತು. ಬೂಟಿನ ಸೀಳು ಮುಚ್ಚಲು ಹನ್ನೆರಡು ದಿನ ಹಿಡಿಯಿತು. ಬೆರಳುಗುರಿಗೆ ಆರೇ ಹೊಲಿಗೆ. ಹನ್ನೊಂದಕ್ಕೆ ಅವಳ ಕೈ ಹೋಗಲಿಲ್ಲ.

ಅವಳು ಹೊಲಿಯುವಾಗ ಅವನು ಏನೋ ಗುನುಗುತ್ತಿದ್ದ. ಮಾತಿಲ್ಲ, ಬರೀ ಸ್ವರ. ಅದು ಏರಿ, ಅರ್ಧಕ್ಕೆ ನಿಂತು, ಮತ್ತೆ ಏರುತ್ತಿತ್ತು.

"ಯಾವ ಹಾಡು?" ಅಂತ ಕೇಳಿದಳು.

"ಹಾಡು ಅಲ್ಲ. ಅಕ್ಕ."

"ಅಕ್ಕನ ಮೇಲಿನ ಹಾಡಾ?"

ಅವನು ತಲೆಯಾಡಿಸಿದ. "ಮೇಲಿನ ಅಲ್ಲ. ಇದೇ ಅಕ್ಕ." ಅವರಲ್ಲಿ ಒಬ್ಬೊಬ್ಬ ಮನುಷ್ಯನಿಗೂ ಅಂಥದೊಂದು ಇರುತ್ತದಂತೆ. ಯಾರೋ ಪ್ರೀತಿಯವರು ಕಟ್ಟಿ ಕೊಡುತ್ತಾರೆ. ತನಗೆ ತಾನೇ ಕಟ್ಟಿಕೊಳ್ಳುವ ಹಾಗಿಲ್ಲ. ಅದನ್ನು ಗುನುಗಿದರೆ ಆ ಮನುಷ್ಯ ಪಕ್ಕದಲ್ಲಿ ಬಂದು ಕೂತ ಹಾಗೆ.

"ನಿನ್ನದು ಯಾವುದು?" ಅಂತ ಅವನು ಕೇಳಿದ.

"ನನಗೆ ಯಾರು ಕಟ್ಟಬೇಕು?" ಅಂದಳು. ನಗುತ್ತಲೇ ಅಂದಳು. ಆದರೆ ಆ ಸಂಜೆ ಮನೆಗೆ ಹೋಗಿ ಇದ್ದ ಒಂದೇ ತಟ್ಟೆಯನ್ನು ಎರಡು ಸಲ ತೊಳೆದಳು.

ಅವಳು ಓದು ಬಿಟ್ಟು ಮೂವತ್ತೈದು ವರ್ಷವಾಗಿತ್ತು. ಈಗ ಊರಿನ ಲೈಬ್ರರಿಗೆ ಹೋಗಿ ಭೂಮಿಯ ನೆತ್ತಿಯ ಪುಸ್ತಕ ಕೇಳಿದಳು. ಲೈಬ್ರರಿಯವನು ಧೂಳು ಹೊಡೆದು ಒಂದು ಹಳೇ ಪ್ರವಾಸದ ಪುಸ್ತಕ ಕೊಟ್ಟ. ಅದರಲ್ಲಿ ಚಿತ್ರವಿತ್ತು: ಗುಡಾರ, ಜಾರುಬಂಡಿ, ಬಾಗಿದ ತುದಿಯ ಬೂಟು. ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮರುದಿನ ಹೋಗಿ ಚಿತ್ರ ತೋರಿಸಿ, ಕೆಳಗೆ ಅವನ ಜನರಿಗೆ ಬರೆದಿದ್ದ ಹೆಸರನ್ನು ಗಟ್ಟಿಯಾಗಿ ಓದಿದಳು.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಎರಡು ದಿನ ಹಾಗೆಯೇ ಮಲಗಿದ್ದ.

ಯಾಕೆಂದು ಗುಮಾಸ್ತ ವಿಚಾರಿಸಿ ಹೇಳಿದ. ಅದು ಹೊರಗಿನವರು ಇಟ್ಟ ಹೆಸರು. ಆ ದೇಶದ ದೊಡ್ಡ ಭಾಷೆಯಲ್ಲಿ ಅದಕ್ಕೆ ತೇಪೆ, ಚಿಂದಿ ಅನ್ನುವ ಅರ್ಥ ಬರುತ್ತದೆ. ಏಳು ವರ್ಷದ ಹುಡುಗನನ್ನು ಸರ್ಕಾರದ ಹಾಸ್ಟೆಲ್ ಶಾಲೆಗೆ ಒಯ್ದಾಗ ಇತರ ಮಕ್ಕಳು ಕೂಗುತ್ತಿದ್ದದ್ದು ಅದನ್ನೇ. ಮೊದಲ ದಿನವೇ ಅವನ ಅಮ್ಮ ಹೊಲಿದ ಬೂಟನ್ನು ಹೇನು ಅಂತ ಒಲೆಗೆ ಹಾಕಿದರು. ಮನೆಮಾತು ಬಾಯಿಗೆ ಬಂದರೆ ಅಂಗೈಗೆ ಕೋಲು. ಬೇಸಿಗೆಗೆ ಮನೆಗೆ ಬಂದಾಗ ಅಮ್ಮ ಏನೋ ಕೇಳುತ್ತಿದ್ದಳು, ಇವನಿಗೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಒಂದು ಚಳಿಗಾಲ ಹಿಮದ ಮೇಲೆ ಮಳೆ ಬಿತ್ತು. ಮಳೆ ಗಡ್ಡೆ ಕಟ್ಟಿ ನೆಲವೆಲ್ಲ ಗಾಜು. ಅಡಿಯ ಪಾಚಿ ಸಾರಂಗದ ಗೊರಸಿಗೆ ಸಿಗಲಿಲ್ಲ. ಹಿಂಡು ಹಸಿವಿನಿಂದ ಸತ್ತಿತು. ಅಪ್ಪ ಗಣಿಗೆ ಹೋದ, ಇವನು ಹಡಗಿಗೆ.

ಹೊಲಿಗೆಯಮ್ಮ ಅವನ ಮಂಚದ ಹತ್ತಿರ ಹೋದಳು. ಚಾದರದ ಒಂದು ಮೂಲೆ ಎತ್ತಿ, ತಾನೇ ಹಾಕಿದ್ದ ತೇಪೆ ತೋರಿಸಿದಳು.

"ತೇಪೆ ಅಂದ್ರೆ ಬೈಗುಳ ಅಂತ ನನಗೆ ಗೊತ್ತಿರಲಿಲ್ಲ. ನಾನು ಅದರಲ್ಲೇ ಅನ್ನ ತಿಂದವಳು. ಆದ್ರೂ ತಪ್ಪಾಯ್ತು. ಇನ್ನು ಆ ಹೆಸರು ಹೇಳಲ್ಲ."

ಅವನು ತಿರುಗಿದ. ಆದರೆ ನಗಲಿಲ್ಲ.

ಬೂಟುಗಳನ್ನು ಅಕ್ಕ ಮೂರು ನಾಲ್ಕು ವರ್ಷಕ್ಕೊಮ್ಮೆ ಹಡಗಿನ ಕಂಪನಿಯ ವಿಳಾಸಕ್ಕೆ ಕಳಿಸುತ್ತಿದ್ದಳು. ಇವನು ಒಂದಕ್ಕೂ ಉತ್ತರ ಬರೆದಿರಲಿಲ್ಲ. ಈ ಜೊತೆ ಬಂದು ಹನ್ನೊಂದು ವರ್ಷ. ಆಮೇಲೆ ಏನೂ ಬಂದಿಲ್ಲ. ಸತ್ತಿರಬೇಕು, ಇಲ್ಲ ಬೇಸರಪಟ್ಟು ಬಿಟ್ಟಿರಬೇಕು ಅಂದ.

"ನಾನು ಬರೀಲಾ? ಪೊಟ್ಟಣದ ಕಾಗದದಲ್ಲಿ ವಿಳಾಸ ಇದೆ."

"ಬೇಡ."

"ಸುಮ್ನೆ ಒಂದು ಸಾಲು..."

"ಬೇಡ ಅಂದೆ."

ಅವಳು ಬರೆದಳು. ಜೀವನದಲ್ಲಿ ಒಬ್ಬರು ಬೇಡ ಅಂದದ್ದನ್ನು ಅವಳು ಮಾಡಿದ್ದು ಅದೊಂದೇ ಸಲ. ಗುಮಾಸ್ತನ ಕೋಟಿಗೆ ನಾಲ್ಕು ಗುಂಡಿ ಹೊಲಿದುಕೊಟ್ಟು, ಕಾಗದವನ್ನು ಆ ಭಾಷೆಗೆ ಮಾಡಿಸಿದಳು. ನಿಮ್ಮ ತಮ್ಮ ಇಲ್ಲಿದ್ದಾನೆ, ಕಾಲು ಕೂಡುತ್ತಿದೆ, ನೀವು ಹೊಲಿದ ಬೂಟನ್ನು ನಾನು ರಿಪೇರಿ ಮಾಡಿದೆ, ದಾರ ಸರಿಯಿದೆಯೋ ನೋಡಿ ಅಂತ ಬರೆಸಿ, ಒಂದು ತುಂಡು ನರದ ದಾರ ಒಳಗಿಟ್ಟಳು. ಹತ್ತು ದಿನ ಆ ಗುಟ್ಟನ್ನು ಹೇಗೋ ಮುಚ್ಚಿಟ್ಟುಕೊಂಡಳು. ಹನ್ನೊಂದನೆಯ ದಿನ ಅವನಿಗೆ ಹೇಳಿಬಿಟ್ಟಳು.

ಅವನು ಸಿಟ್ಟಾಗಲಿಲ್ಲ. "ಹೌದಾ," ಅಂದ. ಅಷ್ಟೇ. ಆಗ ಅವನು ಊರುಗೋಲು ಹಿಡಿದು ನಡೆಯತೊಡಗಿದ್ದ.

ಮುಂದಿನ ಸೋಮವಾರ ಬೆಳಿಗ್ಗೆ ಒಗೆಯುವ ಬಟ್ಟೆಯ ರಾಶಿಯಲ್ಲಿ ಮೂಳೆ ವಾರ್ಡಿನ ಚಾದರಗಳು ಬಂದವು. ಅವಳು ಊಟದ ಹೊತ್ತಿಗೆ ಮೇಲೆ ಹೋದಾಗ ಕಿಟಕಿಯ ಪಕ್ಕದ ಮಂಚದಲ್ಲಿ ಬೇರೆ ಯಾರೋ ಇದ್ದರು.

"ಭಾನುವಾರ ಹೋದ," ಅಂದರು ಸಿಸ್ಟರ್. "ಯಾವುದೋ ಹಡಗಿನ ಏಜೆಂಟು ಬಂದು ಕರ್ಕೊಂಡು ಹೋದ. ಕಾಲು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಹೇಳಿದ್ರೆ ಕೇಳ್ಬೇಕಲ್ಲ. ಯಾಕೆ, ನಿಮಗೆ ಹೇಳಿಲ್ವಾ?"

"ಹೇಳಿದ್ದ," ಅಂತ ಸುಳ್ಳು ಹೇಳಿ ಅವಳು ಮೆಟ್ಟಿಲು ಇಳಿದಳು.

ಅದಾದ ಮೇಲೆ ಬಹಳ ದಿನ ಅವಳು ಊಟದ ಬಿಡುವಿನಲ್ಲಿ ಕೆಳಗೇ ಕೂತಿರುತ್ತಿದ್ದಳು. ನಾನು ಬರೆಯಬಾರದಿತ್ತು, ಬರೆದದ್ದಕ್ಕೇ ಹೋದ ಅನ್ನುವುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಯಾರಿಗೆ ಹೇಳುವುದು? ಹೊಲಿಗೆ ಯಂತ್ರಕ್ಕೆ ಹೇಳಲೂ ನಾಚಿಕೆಯಾಯಿತು. ಕಿಟಕಿಯಲ್ಲಿ ಕುಂಟುವ ಕಾಲು ಹಾದುಹೋದರೆ ಸೂಜಿ ನಿಲ್ಲಿಸಿ ನೋಡುತ್ತಿದ್ದಳು. ಎಲ್ಲವೂ ಈ ಊರಿನವೇ ಕಾಲುಗಳು.

ಐದು ತಿಂಗಳ ಮೇಲೆ ಗುಮಾಸ್ತ ಒಂದು ಲಕೋಟೆ ಹಿಡಿದು ನೆಲಮಾಳಿಗೆಗೆ ಬಂದ. ದಿಂಬುಗಳ ರಾಶಿಯ ಮೇಲೆ ಕೂತು, ಕನ್ನಡಕ ಹುಡುಕಿ, ಒಂದೊಂದೇ ಸಾಲು ಓದಿ ಹೇಳಿದ.

"'ನನ್ನ ತಮ್ಮ ಬದುಕಿದ್ದಾನೆ ಅಂತ ನಿನ್ನ ಕಾಗದದಿಂದ ಗೊತ್ತಾಯಿತು. ದಾರ ನೋಡಿದೆ. ಕುರಿಯದು. ಸಾಕಷ್ಟು ಸಣ್ಣಗೆ ಸೀಳಿಲ್ಲ, ಆದರೆ ಹಿಡಿಯುತ್ತದೆ. ನಾನು ಕೋಪದಿಂದ ಬೂಟು ಕಳಿಸುವುದು ಬಿಟ್ಟದ್ದಲ್ಲ. ಅಂಥವನು ನಮ್ಮಲ್ಲಿಲ್ಲ ಅಂತ ಕಂಪನಿ ಪೊಟ್ಟಣ ವಾಪಸು ಮಾಡಿತು. ಎರಡು ಜೊತೆ ನನ್ನ ಗೋಡೆಯಲ್ಲಿ ತೂಗುತ್ತಿವೆ. ಅವನಿಗೆ ಇದನ್ನು ಹೇಳು.' ಅಷ್ಟೇ. ಈ ಹೆಂಗಸಿಗೆ ಮಾತೂ ಸಣ್ಣಗೆ ಸೀಳಿ ಅಭ್ಯಾಸ ಅಂತ ಕಾಣುತ್ತೆ."

ಅವನಿಗೆ ಇದನ್ನು ಹೇಳು. ಹೇಳಲು ಅವನೆಲ್ಲಿ? ಅವಳು ಮೂರು ವಾರ ಉತ್ತರ ಬರೆಯಲಿಲ್ಲ. ಬಂದರು ಕಚೇರಿಯಲ್ಲಿ ಕೇಳಿದಳು. ಆ ಹಡಗು ಎರಡು ಕೈ ಬದಲಾಗಿತ್ತು, ಕೆಲಸದವರ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಇದ್ದದ್ದು ಇದ್ದ ಹಾಗೆ ಬರೆದಳು. ಅವನು ಬೇಡ ಅಂದಿದ್ದ, ನಾನು ಬರೆದೆ, ಅದಕ್ಕೇ ಹೋದ, ತಪ್ಪು ನನ್ನದು ಅಂತ.

ಉತ್ತರ ಈ ಸಲ ಬೇಗ ಬಂತು. "ನೀನು ಬರೆಯದಿದ್ದರೂ ಅವನು ಹೋಗುತ್ತಿದ್ದ. ಚಿಕ್ಕವನಿದ್ದಾಗಲೂ ಗುಡಾರದ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲುತ್ತಿದ್ದ. ಒಳಗೆ ಬಾ, ಇಲ್ಲ ಹೊರಗೆ ಹೋಗು, ಚಳಿ ಬರುತ್ತದೆ ಅಂತ ಅಮ್ಮ ಬೈಯುತ್ತಿದ್ದಳು. ಅವನ ವಿಷಯ ಸಾಕು. ನೀನು ಏನು ಹೊಲಿಯುತ್ತೀ?"

ನೀನು ಏನು ಹೊಲಿಯುತ್ತೀ ಅಂತ ಯಾರೂ ಅವಳನ್ನು ಕೇಳಿರಲಿಲ್ಲ. ಇದನ್ನು ಹೊಲಿದುಕೊಡು ಅಂದವರು ಬೇಕಾದಷ್ಟು ಜನ.

ಹಾಗೆ ಶುರುವಾದ ಕಾಗದಗಳು ವರ್ಷಕ್ಕೆ ಎರಡೋ ಮೂರೋ ಬಂದವು. ಗುಮಾಸ್ತನ ಕೋಟು, ಷರಟು, ಹಾಸಿಗೆ ಹೊದಿಕೆಗಳೆಲ್ಲ ಗುಂಡಿ ತುಂಬಿಕೊಂಡವು. ಅಕ್ಕನ ಕಾಗದದಲ್ಲಿ ವರ್ಷಕ್ಕೆ ಎಂಟು ಋತು. ಚಳಿಗಾಲಕ್ಕೂ ವಸಂತಕ್ಕೂ ನಡುವೆ ಇನ್ನೊಂದು. ಆಗ ಹಗಲು ಹಿಮದ ಮೇಲ್ಪದರ ಕರಗಿ ರಾತ್ರಿ ಗಟ್ಟಿಯಾಗುತ್ತದೆ, ಬೆಳಿಗ್ಗೆ ಸಾರಂಗವನ್ನು ಹೊರುತ್ತದೆ, ಮಧ್ಯಾಹ್ನ ಮೊಲವನ್ನೂ ಹೊರುವುದಿಲ್ಲ. ಅಂಥ ಒಂದೊಂದು ಬಗೆಯ ಹಿಮಕ್ಕೂ ಅವರಲ್ಲಿ ಒಂದೊಂದು ಹೆಸರು. ಸೂರ್ಯ ಬಾರದ ತಿಂಗಳುಗಳಲ್ಲಿ ಪೂರ್ತಿ ಕತ್ತಲೆಯಲ್ಲ. ನಡುಹಗಲಲ್ಲಿ ಒಂದು ಗಳಿಗೆ ಎಲ್ಲವೂ ನೀಲಿ, ನೀಲಿ ಹಾಕಿದ ಬಟ್ಟೆಯ ಹಾಗೆ. ಬೇಸಿಗೆಯ ಸೊಳ್ಳೆಗೆ ಹೆದರಿ ಹಿಂಡು ತಾನಾಗಿ ಗುಡ್ಡದ ಹಿಮದ ತೇಪೆಗಳ ಮೇಲೆ ಹೋಗಿ ನಿಲ್ಲುತ್ತದೆ. ತೇಪೆ ಅನ್ನುವ ಪದವನ್ನು ಅಕ್ಕನೇ ಬರೆದಿದ್ದಳು.

ತಂಗಿಯ ಮನೆಯ ಊಟದಲ್ಲಿ ಇದನ್ನೆಲ್ಲ ಹೇಳಹೋದರೆ ಮಕ್ಕಳು "ಹಿಮದ ದೊಡ್ಡಮ್ಮ" ಅಂತ ಹೆಸರಿಟ್ಟವು. ತಂಗಿಯ ಗಂಡ, "ಅಲ್ಲಾ, ಹಿಮ ಅಂದ್ರೆ ಹಿಮ. ಅದಕ್ಕೆ ಅಷ್ಟೊಂದು ಹೆಸರು ಯಾಕೆ?" ಅಂದ.

"ನಿಮಗೆ ಸಿಟ್ಟು ಅಂದ್ರೆ ಸಿಟ್ಟು. ಎಷ್ಟು ಥರ ಇದೆ ಅಂತ ನನ್ನ ತಂಗೀನ ಕೇಳಿ. ಅದರ ಕೆಳಗೆ ಇರೋರಿಗೆ ಗೊತ್ತಾಗೋದು."

ತಂಗಿ ನಕ್ಕಳು. ಆಮೇಲೆ ಮಾತು ಮನೆಯ ಬಾಡಿಗೆಯ ಕಡೆ, ಮಗನ ಪರೀಕ್ಷೆಯ ಕಡೆ ಹೋಯಿತು. ಹೊಲಿಗೆಯಮ್ಮ ಸಮವಸ್ತ್ರದ ಅಂಚು ಬಿಚ್ಚತೊಡಗಿದಳು. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಅರ್ಧ ಮಾತು ಅವಳೊಂದಿಗೇ ವಾಪಸು ಹೋಯಿತು.

ನಾಲ್ಕನೆಯ ವರ್ಷ ಗುಮಾಸ್ತ ತೀರಿಕೊಂಡ. ಅವನ ಅಂಗಿಗಳ ಗುಂಡಿ ಒಂದೂ ಸಡಿಲವಾಗಿರಲಿಲ್ಲ ಅಂತ ಅವನ ಸೊಸೆ ಹೇಳಿದಳು. ಮುಂದಿನ ಕಾಗದ ಬಂದಾಗ ಓದುವವರಿಲ್ಲ. ಹೊಲಿಗೆಯಮ್ಮ ಲೈಬ್ರರಿಗೆ ಹೋದಳು. ಲೈಬ್ರರಿಯವನು ಬೇರೆ ಊರಿನಿಂದ ಆ ಭಾಷೆಯ ಇಂಗ್ಲಿಷ್ ನಿಘಂಟು ತರಿಸಿಕೊಟ್ಟ. ಅವಳ ಇಂಗ್ಲಿಷಾದರೂ ಎಷ್ಟು? ಅದಕ್ಕೂ ಇನ್ನೊಂದು ನಿಘಂಟು ಬೇಕಾಯಿತು. ಎರಡು ಪುಸ್ತಕದ ನಡುವೆ ಕಾಗದವಿಟ್ಟುಕೊಂಡು ಒಂದೊಂದು ಪದಕ್ಕೆ ಎರಡೆರಡು ಸಲ ಹುಡುಕಿ, ಒಂದು ಪುಟ ಓದಲು ಹದಿನಾರು ಸಂಜೆ ಹಿಡಿಯಿತು.

ಆ ಪುಟದಲ್ಲಿ ಇದ್ದದ್ದು ಇಷ್ಟು: ಈ ಸಲವೂ ಹಿಮದ ಮೇಲೆ ಮಳೆ ಬಿತ್ತು. ಮೊದಲು ಅಜ್ಜನ ಕಾಲದಲ್ಲಿ ಒಮ್ಮೆ ಹೀಗಾಗುತ್ತಿತ್ತು, ಈಗ ಎರಡು ವರ್ಷಕ್ಕೊಮ್ಮೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಹುಡುಗಿಯನ್ನು ಕರೆಯಬೇಕು.

ಹೊಲಿಗೆಯಮ್ಮ ಮೊದಲ ಸಲ ಆ ಭಾಷೆಯಲ್ಲಿ ತಾನೇ ಬರೆದಳು. ತಪ್ಪು ಎಷ್ಟಿತ್ತೋ ಅವಳಿಗೇ ಗೊತ್ತಿಲ್ಲ. ಆ ಕಾಗದ ಏಳು ತಿಂಗಳ ಮೇಲೆ ಒಂದು ನೇರಳೆ ಮುದ್ರೆ ಹೊತ್ತು ವಾಪಸು ಬಂತು. ನಿಘಂಟು ತೆಗೆದಳು. ಈ ವಿಳಾಸದಲ್ಲಿಲ್ಲ.

ಸತ್ತಳೋ, ಮನೆ ಬಿಟ್ಟಳೋ, ಮುದ್ರೆ ಹೇಳುವುದಿಲ್ಲ. ಹನ್ನೊಂದು ವರ್ಷ ಪೊಟ್ಟಣ ಬಾರದೆ ಅವನು ಅಂದುಕೊಂಡದ್ದೆಲ್ಲ ಈಗ ಅವಳೂ ಅಂದುಕೊಂಡಳು. ಆಮೇಲೆ ತನಗೆ ತಾನೇ ಬೈದುಕೊಂಡಳು. ಆ ಊರಿಗೆ ಒಂದು ಶಾಲೆ ಇರಲೇಬೇಕಲ್ಲ. 'ಶಾಲೆಯ ಮೇಷ್ಟರಿಗೆ' ಅಂತ ಲಕೋಟೆಯ ಮೇಲೆ ಬರೆದು, ವಾಪಸು ಬಂದ ಕಾಗದವನ್ನೇ ಒಳಗಿಟ್ಟು, ಊರಿನ ಹೆಸರು ಹಾಕಿ ಕಳಿಸಿದಳು.

ಉತ್ತರ ಬರೆದದ್ದು ಒಬ್ಬ ಟೀಚರಮ್ಮ. ಅಕ್ಕ ಇದ್ದಾಳೆ. ಕಣ್ಣು ಪೂರ್ತಿ ಹೋಗಿದೆ. ಎಂಬತ್ತು ಕಿಲೋಮೀಟರ್ ದೂರದ ಪೇಟೆಯ ವೃದ್ಧರ ಮನೆಯಲ್ಲಿ ಇಟ್ಟಿದ್ದಾರೆ. ಟೀಚರಮ್ಮ ರಜೆಯಲ್ಲಿ ಹೋಗಿ ಕಾಗದ ಓದಿದಳಂತೆ. ಅಕ್ಕ ಹೇಳಿ ಬರೆಸಿದ ಮಾತು ಕೆಳಗಿತ್ತು:

"ಇಲ್ಲಿ ಬೆಚ್ಚಗಿದೆ. ಆದರೆ ನನ್ನ ಮಾತು ಬಲ್ಲವರು ಯಾರೂ ಇಲ್ಲ. ಹೊರಗೆ ಎಂಥ ಹಿಮ ಅಂತ ಕೇಳಿದರೆ, ಹಿಮ ಬಿದ್ದಿದೆ ಅಂತಾರೆ. ನಿನ್ನ ಭಾಷೆಯ ತಪ್ಪುಗಳನ್ನು ಟೀಚರು ಓದುವಾಗ ನಾವಿಬ್ಬರೂ ನಕ್ಕೆವು. ಒಂದು ಕಡೆ ನೀನು ಚಾದರವನ್ನು ಕೊಂದೆ ಅಂತ ಬರೆದಿದ್ದೀ. ಉದ್ದ ಬರೆಯಬೇಡ. ಇಲ್ಲಿಯ ನರ್ಸಿಗೆ ಪುರುಸೊತ್ತಿಲ್ಲ, ನಾಲ್ಕು ಸಾಲಾದರೆ ಓದುತ್ತಾಳೆ. ಪದೇ ಪದೇ ಬರೆ."

ತಮ್ಮನ ಸುದ್ದಿ ಇಬ್ಬರ ಕಾಗದದಲ್ಲೂ ಇರಲಿಲ್ಲ. ಅವನಿಂದ ಯಾರಿಗೂ ಏನೂ ಬಂದಿರಲಿಲ್ಲ, ಇವತ್ತಿಗೂ ಬಂದಿಲ್ಲ.

ಹೊಲಿಗೆಯಮ್ಮ ಹೋದ ವರ್ಷ ಕೆಲಸದಿಂದ ನಿವೃತ್ತಳಾದಳು. ಬೀಳ್ಕೊಡುವ ದಿನ ಆಸ್ಪತ್ರೆಯವರು ಅವಳಿಗೆ ಗೋಡೆ ಗಡಿಯಾರ ಕೊಟ್ಟರು. ಈಗ ಅವಳ ಕೋಣೆಯಲ್ಲಿ ಅದರದೇ ಸದ್ದು. ಕೆಳಗಿನ ಸೈಕಲ್ ಅಂಗಡಿಯವನು ಬಾಗಿಲು ತೆಗೆಯುವ ಹೊತ್ತಿಗೆ ಎದ್ದು, ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಾಳೆ. ಕೆಲವು ದಿನ ಸಂಜೆಯವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ದನಿ ಒಡೆದು ಬರುತ್ತದೆ.

ಪ್ರತಿ ಗುರುವಾರ ಲೈಬ್ರರಿಗೆ ಹೋಗಿ ಕಿಟಕಿಯ ಪಕ್ಕದ ಮೇಜಿನಲ್ಲಿ ನಿಘಂಟು ಬಿಡಿಸಿ ಕೂರುತ್ತಾಳೆ. ನಾಲ್ಕು ಸಾಲು. ಈ ವಾರ ಮದುವೆಯ ಹುಡುಗಿಯೊಬ್ಬಳ ರವಿಕೆ ಹೊಲಿದೆ, ತೋಳು ಮೂರು ಸಲ ಬಿಚ್ಚಿಸಿದಳು. ಗಾಳಿ ಕಡಲಿನ ಕಡೆಯಿಂದ ಇದೆ. ಸೈಕಲ್ ಅಂಗಡಿಯವನಿಗೆ ಮೊಮ್ಮಗ ಹುಟ್ಟಿದ. ನರ್ಸಮ್ಮಾ, ದಯವಿಟ್ಟು ನಿಧಾನವಾಗಿ ಓದಿ. ಕೊನೆಯ ಸಾಲನ್ನು ಅವಳು ಯಾವಾಗಲೂ ಎರಡು ಸಲ ತಿದ್ದುತ್ತಾಳೆ, ಆಮೇಲೆ ಅಂಟು ಸವರಿ, ಅಂಚೆ ಡಬ್ಬಿಯ ಬಾಯಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಅಂತ ಕೈಯಿಟ್ಟು ನೋಡಿ ಮನೆಗೆ ನಡೆಯುತ್ತಾಳೆ.